ಅಲ್ಮಾಟಿಯ ದ್ವಾರಪಾಲಕ

ಕಜಾಕಸ್ತಾನವೆಂಬ ವಿಶಾಲದೇಶದ ಆಗ್ನೇಯ ಭಾಗದಲ್ಲಿ, ಹಿಮಾಚ್ಛಾದಿತವಾದ ಅಲಾತಾವು ಪರ್ವತಶ್ರೇಣಿಯ ಅಡಿಯಲ್ಲಿ ಅಲ್ಮಾಟಿ ನಗರವು ನೆಲಸಿದೆ. ೧೯೯೭ರವರೆಗೆ ಇದೇ ಆ ದೇಶದ ರಾಜಧಾನಿಯಾಗಿದ್ದಿತು. ಆ ಮೇಲೆ ರಾಜಪೀಠವು ಉತ್ತರದ ಬಯಲುನಾಡಿಗೆ ಹೋಯಿತಾದರೂ ಊರಿನ ಚೆಲುವು ಮಾತ್ರ ಅದರೊಡನೆ ಹೋಗಲಿಲ್ಲ. ಊರೆಲ್ಲವೂ ದಕ್ಷಿಣದಿಂದ ಉತ್ತರಕ್ಕೆ ಇಳಿಜಾರಾಗಿರುವುದರಿಂದ, ದಾರಿ ಕೇಳಿದವರಿಗೆ ಅಲ್ಲಿಯ ಜನರು ಬೆಟ್ಟದ ಕಡೆಯನ್ನು ‘ಮೇಲೆ’ ಎಂದೂ ಬಯಲಿನ ಕಡೆಯನ್ನು ‘ಕೆಳಗೆ’ ಎಂದೂ ಹೇಳುತ್ತಾರೆ. ಬೀದಿಯ ಅಂಚಿನಲ್ಲಿ ‘ಅರಿಕ್’ ಎಂಬ ಕಿರುಗಾಲುವೆಗಳಿವೆ. ಪರ್ವತದ ನೀರು ಅವುಗಳಲ್ಲಿ ಹರಿದು ಸಾಲುಮರಗಳಿಗೆ ಉಣಿಸುತ್ತದೆ.

ಕಜಾಕ್ ಭಾಷೆಯಲ್ಲಿ ‘ಅಲ್ಮಾ’ ಎಂದರೆ ಸೇಬು. ಇಂದು ಲೋಕದ ತೋಟಗಳಲ್ಲಿ ಬೆಳೆಯುವ ಸೇಬಿಗೆಲ್ಲ ಮೂಲಮಾತೃಕೆಯಾದ ಕಾಡುಸೇಬು ಈ ಬೆಟ್ಟಗಳದೇ. ೧೯೨೯ರಲ್ಲಿ ರಷ್ಯಾದ ಸಸ್ಯಶಾಸ್ತ್ರಜ್ಞರಾದ ನಿಕೊಲಾಯ್ ವಾವಿಲೊವ್ ಎಂಬುವರು ಇಲ್ಲಿಗೆ ಬಂದು, ಕಾಡಿನಲ್ಲಿ ತಾನಾಗಿ ಬೆಳೆದ ಸೇಬಿನ ಮರಗಳನ್ನು ಕಂಡು, ಸೇಬಿನ ತೌರುಮನೆ ಇದೇ ಎಂದು ಊಹಿಸಿದರು; ಅನಂತರದ ವಿಜ್ಞಾನಿಗಳು ಆ ಊಹೆಯನ್ನು ಸಮರ್ಥಿಸಿದ್ದಾರೆ. ಇಲ್ಲಿಂದ ಹೊರಟ ಬೀಜವು ಪರದೇಶಗಳಲ್ಲಿ ಬೇರೂರಿ ಆಯಾ ದೇಶದ ಹಣ್ಣೆಂದೇ ಹೆಸರಾಯಿತು. ಇದಕ್ಕೆ ವಿಪರ್ಯಾಸವಾಗಿ, ಪರದೇಶದಿಂದ ಬಂದು ಈ ಮಣ್ಣಿನಲ್ಲಿ ಬೇರೂರಿದ ಒಬ್ಬ ಆಟಗಾರನ ವಿಚಾರವನ್ನು ವಾಚಕರಿಗೆ ನಿವೇದಿಸುವುದೇ ನಮ್ಮ ಇಂದಿನ ಉದ್ದೇಶ.

ನಾವು ಅಲ್ಲಿಗೆ ಹೋದ ಕಾರಣವನ್ನು ಮೊದಲು ಹೇಳಿಬಿಡುವುದು ಲೇಸು. ನಮ್ಮ ತಮ್ಮನ ಮಗಳು ಆ ನಗರದಲ್ಲಿ ವೈದ್ಯವಿದ್ಯೆಯನ್ನು ಕಲಿಯುತ್ತಿದ್ದಾಳೆ. ನಮ್ಮ ದೇಶದ ಎಷ್ಟೋ ಮಂದಿ ಹುಡುಗ ಹುಡುಗಿಯರು ಈಗ ಅಲ್ಲಿಗೆ ಹೋಗಿ ಓದುತ್ತಾರೆ. ಮಗಳು ಪರದೇಶದಲ್ಲಿ ಒಬ್ಬಳೇ ಇರುವಳಲ್ಲಾ, ಅಲ್ಲಿಯ ಜನ ಅವಳನ್ನು ಹೇಗೆ ನಡೆಸಿಕೊಳ್ಳುವರೋ ಎಂಬ ಚಿಂತೆ ಅವಳ ತಾಯಿಗೆ ಬಿಡದು. ತಮ್ಮನಿಗೆ ರಜೆ ದೊರೆಯದ ಕಾರಣ, ಕಳೆದ ಆಶ್ವಯುಜ ಮಾಸದಲ್ಲಿ ನಾವೂ ನಮ್ಮ ಮನೆಯವರೂ ಚಟ್ನಿಪುಡಿ ಹಪ್ಪಳಗಳ ಗಂಟಿನೊಡನೆ ಹೊರಟೆವು. ದೆಹಲಿಯಿಂದ ವಿಮಾನವು ನಾಲ್ಕು ಗಂಟೆಗಳೊಳಗೆ ನಮ್ಮನ್ನು ಅಲ್ಲಿ ಇಳಿಸಿತು.

ಹುಡುಗಿ ನಮ್ಮನ್ನು ‘ಹಸಿರು ಸಂತೆ’ ಎಂಬ ಹಳೆಯ ಮಾರುಕಟ್ಟೆಗೆ ಕರೆದೊಯ್ದಳು. ಒಣದ್ರಾಕ್ಷಿ, ಬಾದಾಮಿ, ಜೇನು, ಕುದುರೆಯ ಹಾಲಿನಿಂದ ಮಾಡಿದ ಕುಮಿಸ್ ಎಂಬ ಹುಳಿಪಾನೀಯ, ಮತ್ತು ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ದಪ್ಪನಾದ ‘ಅಪೋರ್ತ್’ ಸೇಬು! ಸೇಬು ಮಾರುತ್ತಿದ್ದ ವೃದ್ಧನ ಅಂಗಡಿಯ ಗೋಡೆಯ ಮೇಲೆ ಆಟದ ಉಡುಪಿನಲ್ಲಿದ್ದ ಒಬ್ಬ ಗಟ್ಟಿಮುಟ್ಟಾದ ಆಳಿನ ಚಿತ್ರವಿದ್ದಿತು. ಮುಖಚರ್ಯೆ ಅಲ್ಲಿಯವರಂತಿರಲಿಲ್ಲ. ಯಾರೆಂದು ಕೇಳಿಸಿದೆವು.

“ದೊಡ್ಡಪ್ಪಾ, ಇವನ ಹೆಸರು ಹಿಗ್ವಿಟ ಅಂತೆ. ‘ನಮ್ಮವನು’ ಅನ್ನುತ್ತಾರೆ. ಆದರೆ ಹುಟ್ಟಿದ್ದು ಬ್ರೆಜಿಲಿನಲ್ಲಿ” ಎಂದಳು ಹುಡುಗಿ.

ಬ್ರೆಜಿಲಿನಲ್ಲಿ ಹುಟ್ಟಿದವನು ಈ ವೃದ್ಧನಿಗೆ ನಮ್ಮವನು ಹೇಗಾದನು? ಈ ಪ್ರಶ್ನೆಯು ನಮ್ಮನ್ನು ಬೆನ್ನುಹತ್ತಿತು. ವಿಚಾರಿಸುತ್ತ ಹೋದಂತೆ ಒಂದು ಆಟದ ಚರಿತ್ರೆಯೂ ಒಬ್ಬ ಮನುಷ್ಯನ ವೃತ್ತಿಚರಿತ್ರೆಯೂ ನಮಗೆ ತಿಳಿದುಬಂದುವು.

ಆಟದ ಹೆಸರು ಫುಟ್ಸಾಲ್. ಎಂದರೆ ಮನೆಯೊಳಗಿನ ಕಾಲ್ಚೆಂಡಾಟ. ದಕ್ಷಿಣ ಅಮೆರಿಕದ ಉರುಗ್ವೇ ದೇಶದ ಮೊಂಟೆವಿಡಿಯೋ ನಗರದಲ್ಲಿ ೧೯೩೦ರಲ್ಲಿ ಇದು ಜನಿಸಿತು. ಆ ವರ್ಷವೇ ಆ ನಗರದಲ್ಲಿ ಕಾಲ್ಚೆಂಡಿನ ಪ್ರಥಮ ವಿಶ್ವಸ್ಪರ್ಧೆಯು ನಡೆದು, ಉರುಗ್ವೇ ದೇಶವೇ ಗೆದ್ದು, ಹುಡುಗರಿಗೆಲ್ಲ ಚೆಂಡಿನ ಹುಚ್ಚು ಹಿಡಿದಿದ್ದಿತು. ವೈ.ಎಂ.ಸಿ.ಎ. ಸಂಸ್ಥೆಯ ಉಪಾಧ್ಯಾಯರಾದ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬುವರು, ಮಳೆಬಿಸಿಲುಗಳ ಕಾಟವಿಲ್ಲದೆ ಅವರು ಸೂರಿನಡಿಯಲ್ಲಿ ಆಡುವಂತೆ ನಿಯಮಗಳನ್ನು ಬರೆದರು. ಬ್ಯಾಸ್ಕೆಟ್‌ಬಾಲಿನಿಂದ ಪಕ್ಷಕ್ಕೆ ಐವರೆಂಬ ಲೆಕ್ಕವನ್ನೂ, ಹ್ಯಾಂಡ್‌ಬಾಲಿನಿಂದ ಗೋಲಿನ ಅಳತೆಯನ್ನೂ, ನೀರುಚೆಂಡಾಟದಿಂದ ಗೋಲುರಕ್ಷಕನ ಕಟ್ಟಳೆಗಳನ್ನೂ ತೆಗೆದುಕೊಂಡರು. ಒಬ್ಬ ಮೇಷ್ಟರು ಹುಡುಗರಿಗಾಗಿ ಕಟ್ಟಿದ ಆಟವು ಜಗತ್ತನ್ನೇ ಸುತ್ತಿತೆಂಬುದು ಮೇಷ್ಟರ ಕುಲಕ್ಕೆ ಸೇರಿದ ನಮಗೆ ಸಂತೋಷದ ಮಾತು. ಉತ್ತರ ಅಮೆರಿಕದಲ್ಲಿ ಸುತ್ತಲೂ ಹಲಗೆಯ ಗೋಡೆ ಕಟ್ಟಿ, ಚೆಂಡು ಗೋಡೆಗೆ ತಗುಲಿ ಹಿಂದಿರುಗಿದರೂ ಆಟ ನಿಲ್ಲದಂತೆ ಆಡುವ ಬೇರೊಂದು ಬಗೆ ಇದೆ. ಫುಟ್ಸಾಲಿಗೆ ಗೋಡೆಯಿಲ್ಲ, ಗೆರೆ ಮಾತ್ರ.

ಹುಡುಗಿಯ ಸಹಪಾಠಿಯಾದ ಕಜಾಕ್ ಕನ್ಯೆಯೊಬ್ಬಳಿಗೆ ಹನ್ನೆರಡು ವರ್ಷದ ತಮ್ಮನಿದ್ದಾನೆ. ಅವನು ಅಭ್ಯಾಸ ಮಾಡುವ ಆಟದ ಮನೆಗೆ ಒಂದು ಸಂಜೆ ನಮ್ಮನ್ನು ಕರೆದೊಯ್ದರು. ಹೊರಗೆ ಮೈ ಕೊರೆಯುವ ಚಳಿ. ಒಳಗೆ ಮರದ ನೆಲ, ದೀಪಗಳ ಬೆಳಕು, ಪಾದರಕ್ಷೆಗಳ ಕಿರಿಚಾಟ. ಅಂಕಣದ ಉದ್ದ ಸುಮಾರು ೪೦ ಮೀಟರು, ಅಗಲ ೨೦. ಚೆಂಡು ಚಿಕ್ಕದು, ತೂಕವುಳ್ಳದ್ದು, ಹೆಚ್ಚು ಪುಟಿಯದು. ಗೋಲಿನ ಅಗಲ ೩ ಮೀಟರು, ಎತ್ತರ ೨. ನಮ್ಮ ಹುಡುಗನೇ ಅಂದಿನ ಗೋಲುರಕ್ಷಕ.

ಬಯಲಿನ ಕಾಲ್ಚೆಂಡಾಟದ ಗೋಲುರಕ್ಷಕನಿಗೆ ಚೆಂಡು ದೂರದಿಂದ ಬರುವಾಗ ನೋಡಿ ಹಾರುವಷ್ಟು ಅವಕಾಶ ಹಲವು ವೇಳೆ ದೊರೆಯುತ್ತದೆ. ಇಲ್ಲಿ ಅದು ಅಪರೂಪ. ಲೆಕ್ಕ ಮಾಡಿ ನೋಡಬಹುದು: ಗಂಟೆಗೆ ೯೦ ಕಿಲೋಮೀಟರು ವೇಗದಲ್ಲಿ ಒದ್ದ ಚೆಂಡು ೬ ಮೀಟರು ದೂರವನ್ನು ಒಂದು ಸೆಕೆಂಡಿನ ಕಾಲುಭಾಗಕ್ಕೂ ಕಡಿಮೆ ಹೊತ್ತಿನಲ್ಲಿ ದಾಟುತ್ತದೆ. ಆದ್ದರಿಂದ ಇಲ್ಲಿ ಚೆಂಡನ್ನು ಹಿಡಿಯುವುದಕ್ಕಿಂತ ದಾರಿಯನ್ನು ಮುಚ್ಚುವುದೇ ಮುಖ್ಯ. ಒದೆಯುವವನೆದುರಿಗೆ ನುಗ್ಗಿ, ಒಂದು ಮಂಡಿಯನ್ನು ನೆಲಕ್ಕೂರಿ, ಇನ್ನೊಂದು ಕಾಲನ್ನು ಚಾಚಿ, ಎರಡು ತೋಳುಗಳನ್ನೂ ಅಗಲಿಸಿ, ಎದೆಯನ್ನೊಡ್ಡಿ ನಿಲ್ಲಬೇಕು. ನಾವು ನೋಡುತ್ತಿದ್ದಂತೆಯೇ ಚೆಂಡು ಆ ಬಾಲಕನ ಹೊಟ್ಟೆಗೊಮ್ಮೆ, ತೊಡೆಗೊಮ್ಮೆ, ದವಡೆಗೊಮ್ಮೆ ಬಡಿಯಿತು. ನಮ್ಮ ಮನೆಯವರು “ಅಯ್ಯೋ ಕೂಸೇ” ಎಂದು ಎದ್ದು ನಿಂತರು. ನೋಯುವುದಿಲ್ಲವೇ ಎಂದು ಆಮೇಲೆ ಕೇಳಿಸಿದಾಗ ಹುಡುಗನು, “ನೋವು ರೂಢಿಯಾಗಿದೆ, ಮುಖಕ್ಕೆ ಬಂದಾಗ ಕಣ್ಣು ಮುಚ್ಚದಿರುವುದೇ ಇನ್ನೂ ಬಂದಿಲ್ಲ” ಎಂದನು.

ಅವನ ಗುರುವು ಗದರಿಸಿದುದು ಬೇರೊಂದು ಕಾರಣಕ್ಕೆ. ಹುಡುಗನು ಆಗಾಗ ಗೋಲನ್ನು ಬಿಟ್ಟು ಚೆಂಡಿನೊಡನೆ ಎದುರಾಳಿಗಳ ಅರ್ಧಕ್ಕೆ ನುಗ್ಗುತ್ತಿದ್ದನು. ಒಮ್ಮೆ ಚೆಂಡು ಕೈತಪ್ಪಿ, ಎದುರಾಳಿಯೊಬ್ಬನು ಅಷ್ಟು ದೂರದಿಂದಲೇ ಅದನ್ನು ಬರಿದಾದ ಗೋಲಿಗೆ ನಿಧಾನವಾಗಿ ಉರುಳಿಸಿದನು. “ಹಿಗ್ವಿಟನೂ ಹೀಗೆಯೇ ಹೋಗುತ್ತಾನಲ್ಲ!” ಎಂದು ಹುಡುಗನ ವಾದ. “ಹೋಗುವ ಮುಂಚೆ ಅವನು ಎಷ್ಟು ಸಲ ನೋಡುತ್ತಾನೆಂಬುದನ್ನು ನೀನು ಎಣಿಸಿಲ್ಲ” ಎಂದು ಗುರುವಿನ ಉತ್ತರ.

ಹಿಗ್ವಿಟನ ಹುಟ್ಟುಹೆಸರು ಲಿಯೊನಾರ್ದೊ. ಹುಟ್ಟಿದ್ದು ೧೯೮೬ರಲ್ಲಿ, ರಿಯೋ ಡಿ ಜನೈರೋ ಎಂಬ ಕಡಲತಡಿಯ ನಗರದಲ್ಲಿ. ಗೋಲನ್ನು ಬಿಟ್ಟು ಮುಂದೆ ನುಗ್ಗುವ ಸಾಹಸಕ್ಕೆ ಹೆಸರಾಗಿದ್ದ ಕೊಲಂಬಿಯಾದ ರೆನೆ ಹಿಗ್ವಿಟನ ಹೆಸರೇ ಈತನಿಗೆ ಅಡ್ಡಹೆಸರಾಗಿ ನಿಂತಿತು. ಸಮುದ್ರವನ್ನು ನೋಡಿ ಬೆಳೆದ ಈತನು ಸಮುದ್ರವೇ ಇಲ್ಲದ, ಚಳಿಗಾಲದಲ್ಲಿ ನೀರು ಕಲ್ಲಾಗುವ ಅಲ್ಮಾಟಿಗೆ ಹೊಟ್ಟೆಪಾಡಿಗಾಗಿ ಬಂದು ಕೈರಾತ್ ಎಂಬ ಸಂಘವನ್ನು ಸೇರಿದನು. ಭೂಪಟದಲ್ಲಿ ಬಹುಪಾಲು ಏಷ್ಯಾದಲ್ಲಿದ್ದರೂ ಕಾಲ್ಚೆಂಡಿನ ವ್ಯವಹಾರದಲ್ಲಿ ಕಜಾಕಸ್ತಾನವು ೨೦೦೨ರಿಂದ ಯೂರೋಪಿನ ಪಂಕ್ತಿಗೆ ಸೇರಿದೆ. ೨೦೧೩ರಲ್ಲಿ ತ್ಬಿಲಿಸಿ ನಗರದಲ್ಲಿ ಕೈರಾತ್ ಸಂಘವು ಮಾಸ್ಕೋವಿನ ಡೈನಮೋ ಸಂಘವನ್ನು ೪–೩ರಿಂದ ಸೋಲಿಸಿ ಯೂರೋಪಿನ ಕಪ್ಪನ್ನು ಪಡೆಯಿತು. ೨೦೧೫ರಲ್ಲಿ ಲಿಸ್ಬನ್ ನಗರದಲ್ಲಿ ಬಾರ್ಸಿಲೋನಾ ಸಂಘವನ್ನು ೩–೨ರಿಂದ ಸೋಲಿಸಿ ಮತ್ತೊಮ್ಮೆ ಪಡೆಯಿತು. ಎರಡು ಸಲವೂ ಅಂತರ ಒಂದೇ ಒಂದು ಗೋಲು. ತಡೆದ ಒಂದು ಚೆಂಡು ಒಳಗೆ ಹೋಗಿದ್ದರೆ ಫಲಿತಾಂಶವೇ ಬೇರೆಯಾಗಬಹುದಾಗಿತ್ತು.

ಈ ಗೆಲುವುಗಳಲ್ಲಿ ಲೋಕವು ಮೆಚ್ಚಿದುದು ಒಂದು ಹೊಸ ಪದ್ಧತಿಯನ್ನು. ಸೋಲುತ್ತಿರುವ ಪಕ್ಷವು ಕಡೆಯ ನಿಮಿಷಗಳಲ್ಲಿ, ಗತ್ಯಂತರವಿಲ್ಲದೆ, ಒಬ್ಬ ಆಟಗಾರನಿಗೆ ಗೋಲುರಕ್ಷಕನ ಅಂಗಿ ತೊಡಿಸಿ ಐದನೆಯವನನ್ನಾಗಿ ಮುಂದೆ ಕಳುಹಿಸುವುದು ವಾಡಿಕೆ. ಕೈರಾತ್ ಸಂಘದಲ್ಲಿ ನಿಜವಾದ ಗೋಲುರಕ್ಷಕನೇ ಆಟದ ಮಧ್ಯದಲ್ಲಿಯೂ ಮುಂದೆ ಹೋಗುತ್ತಿದ್ದನು. ತನ್ನ ಅರ್ಧದಲ್ಲಿ ಅವನು ಚೆಂಡನ್ನು ೪ ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಎದುರಾಳಿಗಳ ಅರ್ಧಕ್ಕೆ ದಾಟಿದರೆ ಆ ನಿರ್ಬಂಧವಿಲ್ಲ. ಹೀಗೆ ನಾಲ್ವರೆದುರಿಗೆ ಐವರಾಗುತ್ತಾರೆ. ದೂರದಿಂದ ಒದ್ದು ಗೋಲು ಗಳಿಸುವ ಶಕ್ತಿಯೂ ಹಿಗ್ವಿಟನಿಗಿದ್ದಿತು. ಆದರೆ ಬೆನ್ನ ಹಿಂದೆ ಬಾಗಿಲು ತೆರೆದಿರುತ್ತದೆ! ಹಳೇಬೀಡಿನ ಗುಡಿಯ ದ್ವಾರಪಾಲಕರನ್ನು ನಾವೆಲ್ಲ ನೋಡಿದ್ದೇವೆ. ಸರ್ವಾಭರಣಭೂಷಿತರಾಗಿ, ಇಟ್ಟ ಹೆಜ್ಜೆ ಕದಲದೆ ಶತಮಾನಗಳಿಂದ ನಿಂತಿದ್ದಾರೆ. ಬಾಗಿಲನ್ನು ಬಿಟ್ಟು ಯುದ್ಧಕ್ಕೆ ಹೋಗಿ, ಶತ್ರು ತಿರುಗುವಷ್ಟರಲ್ಲಿ ಮರಳಿ ಬಾಗಿಲಲ್ಲಿ ನಿಲ್ಲುವ ದ್ವಾರಪಾಲಕನನ್ನು ಯಾವ ಶಿಲ್ಪಿಯೂ ಕಡೆದುದು ನಮಗೆ ತಿಳಿಯದು. ಜಗತ್ತಿನ ಶ್ರೇಷ್ಠ ಗೋಲುರಕ್ಷಕನೆಂಬ ಪ್ರಶಸ್ತಿಯು ಈತನಿಗೆ ಒಂದಕ್ಕಿಂತ ಹೆಚ್ಚು ಸಲ ಬಂದಿದೆ.

ಮುಂದೆ ಈತನು ಆ ದೇಶದ ಪೌರತ್ವವನ್ನು ಪಡೆದು ಅದರ ಪರವಾಗಿಯೇ ಆಡತೊಡಗಿದನು. ೨೦೧೬ರಲ್ಲಿ ಬೆಲ್‌ಗ್ರೇಡಿನಲ್ಲಿ ನಡೆದ ಯೂರೋಪಿನ ರಾಷ್ಟ್ರಗಳ ಸ್ಪರ್ಧೆಯ ಅಂತಿಮ ಸುತ್ತಿಗೆ ಕಜಾಕಸ್ತಾನವು ಪ್ರಥಮವಾಗಿ ಪ್ರವೇಶಿಸಿ, ಹಿಂದಿನ ವಿಜೇತರಾದ ಇಟಲಿಯವರನ್ನು ಸೋಲಿಸಿ, ಮೂರನೆಯ ಸ್ಥಾನವನ್ನು ಗಳಿಸಿತು. ೨೦೨೧ರಲ್ಲಿ ಲಿಥುಯೇನಿಯಾದಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಉಪಾಂತ್ಯದವರೆಗೆ ಹೋಗಿ, ಪೋರ್ಚುಗಲ್ಲಿನೊಡನೆ ೨–೨ರ ಸಮಕ್ಕೆ ನಿಂತು, ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಮೂರನೆಯ ಸ್ಥಾನದ ಪಂದ್ಯದಲ್ಲಿ ಎದುರಾದವರು ಯಾರು? ಬ್ರೆಜಿಲ್! ೩೫ ವರ್ಷ ವಯಸ್ಸಿನ ಹಿಗ್ವಿಟನ ಪಕ್ಷವು ಅವನ ಜನ್ಮಭೂಮಿಯ ಪಕ್ಷಕ್ಕೆ ೪–೨ರಿಂದ ಸೋತಿತು.

ಇಲ್ಲಿ ಒಂದು ಆಕ್ಷೇಪವಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಆ ಪಕ್ಷದಲ್ಲಿ ಬ್ರೆಜಿಲಿನಲ್ಲಿ ಹುಟ್ಟಿದವರು ಹಿಗ್ವಿಟನೊಬ್ಬನೇ ಅಲ್ಲ, ಇನ್ನೂ ಕೆಲವರಿದ್ದರು. ಹಣ ಕೊಟ್ಟು ಆಳುಗಳನ್ನು ತಂದು ಪದಕ ಗಳಿಸಿದರೆ ಅದು ದೇಶದ ಕೀರ್ತಿ ಹೇಗಾದೀತು? ಊರ ಹುಡುಗರ ಸ್ಥಾನವನ್ನು ಹೊರಗಿನವರು ಕಸಿದಂತಾಗಲಿಲ್ಲವೇ? ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಅನ್ನಕ್ಕಾಗಿ ಬಂದವನು ಅನ್ನ ತೀರಿದೊಡನೆ ಹೊರಟುಹೋಗುವುದೂ ಉಂಟು. ಆದರೆ ನಾವು ಆಟದ ಮನೆಯಲ್ಲಿ ಕಂಡ ಬಾಲಕನು ಕಜಾಕ್ ಬಾಲಕನೇ. ಕಣ್ಣು ಮುಚ್ಚದಿರುವುದನ್ನು ಅವನು ಕಲಿಯುತ್ತಿರುವುದು ಆ ಹೊರಗಿನವನನ್ನು ನೋಡಿ. ವಿದ್ಯೆ ಹೊರಗಿನಿಂದ ಬಂದು ಒಳಗೆ ಉಳಿದರೆ ಅದನ್ನು ಕಸಿದರೆನ್ನುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ಹೊರಡುವ ಮುನ್ನ ನಾವು ಊರಿನ ಪಶ್ಚಿಮಭಾಗದಲ್ಲಿರುವ ಅಲ್ಮಾಟಿ ಅರೇನಾ ಎಂಬ ದೊಡ್ಡ ಕ್ರೀಡಾಭವನವನ್ನು ನೋಡಿಬಂದೆವು. ೨೦೧೭ರ ವಿದ್ಯಾರ್ಥಿಗಳ ಚಳಿಗಾಲದ ಕ್ರೀಡೋತ್ಸವಕ್ಕೆಂದು ಕಟ್ಟಿದ್ದು. ಸುಮಾರು ೧೨,೦೦೦ ಜನ ಕುಳಿತುಕೊಳ್ಳಬಹುದು. ೨೦೧೯ರ ಏಪ್ರಿಲಿನಲ್ಲಿ ಯೂರೋಪಿನ ಸಂಘಗಳ ಅಂತಿಮ ಪಂದ್ಯವು ಇಲ್ಲಿಯೇ ನಡೆಯಿತು. ಸ್ವಂತ ಊರಿನಲ್ಲಿ, ಸ್ವಂತ ಜನರೆದುರಿಗೆ, ಕೈರಾತ್ ಸಂಘವು ಲಿಸ್ಬನ್ನಿನ ಸ್ಪೋರ್ಟಿಂಗ್ ಸಂಘಕ್ಕೆ ೨–೧ರಿಂದ ಸೋತಿತು. ಸಂತೆಯ ವೃದ್ಧನು ಅಂದು ಅಲ್ಲಿದ್ದನಂತೆ. ಗೆದ್ದ ವರ್ಷಗಳ ವಿಚಾರವನ್ನು ಕೇಳಿದಾಗ ಅವನು ನಕ್ಕು ಸುಮ್ಮನಾಗಿದ್ದನು, ಸೋತ ದಿನದ ವಿಚಾರ ಬಂದಾಗ ಮಾತ್ರ ಹೀಗೆಂದನು: “ಅಂದು ಮನೆಗೆ ಹೋಗಿ ನಾನು ಊಟ ಮಾಡಲಿಲ್ಲ. ನಮ್ಮವನೂ ಮಾಡಿರಲಾರ.”

ಈ ಮಾತನ್ನು ಕೇಳಿದಾಗ ನಮ್ಮ ಪ್ರಶ್ನೆಗೆ ಉತ್ತರ ದೊರೆತಂತಾಯಿತು. ಗೋಲುರಕ್ಷಕನ ವೃತ್ತಿಯೇ ವಿಚಿತ್ರವಾದುದು. ತಡೆದ ನೂರು ಚೆಂಡುಗಳನ್ನು ಜನ ಆ ಕ್ಷಣಕ್ಕೆ ಚಪ್ಪಾಳೆ ತಟ್ಟಿ ಮರೆಯುತ್ತಾರೆ. ಬಿಟ್ಟ ಒಂದನ್ನು ವರ್ಷಗಟ್ಟಲೆ ನೆನೆಯುತ್ತಾರೆ. ನಮ್ಮ ಮನೆಗಳ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಕ್ಕದ ಹಾಲನ್ನು ಯಾರು ಹೊಗಳುತ್ತಾರೆ? ಇಂಥ ಕೆಲಸವನ್ನು ಯಾವ ಮನೆಯಾದರೂ ನಂಬದವನ ಕೈಗೆ ಕೊಡುವುದುಂಟೇ? ಹೊಸ್ತಿಲನ್ನು ಕಾಯಲು ಒಬ್ಬನನ್ನು ನಿಲ್ಲಿಸಿ, ಅವನು ಅಲ್ಲಿ ನಿಂತು ಪೆಟ್ಟು ತಿಂದ ಮೇಲೆ, ಅವನನ್ನು ಹೊರಗಿನವನೆನ್ನಲು ಆ ಮನೆಗೆ ಬಾಯಿ ಬಾರದು. ಹುಟ್ಟಿನಿಂದ ಬರುವ ನಂಟೊಂದು. ಒಬ್ಬರ ಸೋಲನ್ನು ಇನ್ನೊಬ್ಬರು ಹೊತ್ತು ಬರುವ ನಂಟು ಇನ್ನೊಂದು. ಎರಡನೆಯದು ನಿಧಾನವಾಗಿ ಕೂಡಿಬರುತ್ತದೆ, ಆದರೆ ಕೂಡಿಬರುತ್ತದೆ.

ಊರಿಗೆ ಮರಳಿದಾಗ ತಮ್ಮನ ಹೆಂಡತಿ ಮೊದಲು ಕೇಳಿದ್ದು, “ಭಾವ, ಅಲ್ಲಿಯ ಜನ ಹೇಗೆ?” ಎಂದೇ. ಹುಡುಗಿಯ ವಸತಿಗೃಹದಲ್ಲಿ ಒಂದು ರಾತ್ರಿ ಕಜಾಕ್ ಗೆಳತಿಗೆ ಜ್ವರ ಬಂದಾಗ ನಮ್ಮ ಹುಡುಗಿಯೇ ಬೆಳಗಿನವರೆಗೆ ಎಚ್ಚರವಿದ್ದು ತಲೆಗೆ ತಣ್ಣೀರು ಬಟ್ಟೆ ಹಾಕಿದಳೆಂದೂ, ಮರುವಾರ ಆ ಗೆಳತಿಯ ತಾಯಿ ಒಂದು ಬುಟ್ಟಿ ಸೇಬು ಕಳುಹಿಸಿ ‘ನಮ್ಮ ಹುಡುಗಿಗೆ’ ಎಂದು ಚೀಟಿ ಬರೆದಿದ್ದಳೆಂದೂ ತಿಳಿಸಿದೆವು. ಆಕೆ ಚೀಟಿಯ ಆ ಎರಡು ಮಾತುಗಳನ್ನು ನಮ್ಮಿಂದ ಮತ್ತೊಮ್ಮೆ ಹೇಳಿಸಿಕೊಂಡು, ಒಲೆಯ ಮೇಲಿನ ಹಾಲನ್ನು ನೋಡಲು ಒಳಗೆ ಹೋದಳು.