ರುಜುವಾತಿನ ಭಾರ
ಸುರೇಬಾನದಲ್ಲಿ ಲಸಿಕೆಯ ದಿನ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬರುತ್ತಾಳೆ. ಕಡ್ಡಾಯದ ಕಾನೂನಿಲ್ಲದಿದ್ದರೂ ಬೇಡವೆನ್ನಲು ಯಾವ ತಾಯಿಗೂ ಬಾಯಿ ಬರುವುದಿಲ್ಲ. ಬರಲೂಬಾರದು, ದಡಾರ (ನಮ್ಮ ಕಡೆ ಗೊಬ್ಬರ ಅನ್ನುತ್ತೇವೆ) ಕಂಡವರಿಗೆ ಅದು ಗೊತ್ತು.

2022ರ ಜನವರಿಯಲ್ಲಿ ನಮ್ಮ ರಾಮದುರ್ಗ ತಾಲ್ಲೂಕಿನಲ್ಲೇ ದಡಾರ-ರುಬೆಲ್ಲಾ ಚುಚ್ಚುಮದ್ದಿನ ಬಳಿಕ ಮೂರು ಕೂಸುಗಳು ತೀರಿಕೊಂಡವು. ನೆರೆಮನೆಯಾಕೆ ಕೇಳಿದಳು: "ಅಕ್ಕಾರ, ಔಷಧದಾಗ ದೋಷ ಇತ್ತೇನ್ರಿ, ಹಾಕಿದವರ ಕೈಯಾಗ ಇತ್ತೇನ್ರಿ?"

ತಜ್ಞರ ಸಮಿತಿ ಕೇಳುವುದೂ ಅದನ್ನೇ. ಲಸಿಕೆಯ ಗುಣವೇ, ತಯಾರಿಕೆಯ ದೋಷವೇ, ಹಾಕುವಾಗಿನ ತಪ್ಪೇ, ಬೇರೆ ಕಾಯಿಲೆ ಅದೇ ಹೊತ್ತಿಗೆ ಬಂತೇ? ಈ ಲಸಿಕೆಯ ಪುಡಿಯನ್ನು ಕಲೆಸಿದ ಮೇಲೆ ತಣ್ಣಗಿಟ್ಟು 4 ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಬಳಸಬಾರದು. ಆದ್ದರಿಂದ ಸೀಸೆ ಒಡೆದ ಹೊತ್ತು, ಫ್ರಿಜ್ಜಿನ ತಾಪಮಾನ, ಮರಣೋತ್ತರ ಪರೀಕ್ಷೆ ಎಲ್ಲವೂ ಬೇಕು. ಕೂಸನ್ನು ಮಣ್ಣು ಮಾಡಿ ಬಂದವರ ಹತ್ತಿರ ಇವೆಲ್ಲ ಎಲ್ಲಿರುತ್ತವೆ?

ಆ ವರದಿ ಬಂದರೂ ಪರಿಹಾರ ಬಂದಂತಲ್ಲ. ಬ್ರಿಟನ್ನಿನಲ್ಲಿ 1979ರಿಂದಲೇ ಇದಕ್ಕೊಂದು ಕಾಯಿದೆಯಿದೆ. ಅಲ್ಲೂ ಶೇಕಡಾ 60ರಷ್ಟು ಅಂಗವೈಕಲ್ಯ ರುಜುವಾಗಬೇಕು. ನಮ್ಮ ಕೇಂದ್ರ ಸರಕಾರ 2022ರಲ್ಲಿ ಕೊರೊನಾ ಲಸಿಕೆಯ ಮೊಕದ್ದಮೆಯಲ್ಲಿ ತೋರಿಸಿದ್ದು ಸಿವಿಲ್ ಕೋರ್ಟಿನ ದಾರಿ. ಅಲ್ಲಿ ರುಜುವಾತು ತಾಯಿಯ ತಲೆಯ ಮೇಲೆ. ಬಾಗಿಲಿಗೆ ಸೂಜಿ ತಂದವರೇ ಅದನ್ನೂ ಹೊರಬೇಕೆಂಬುದು ನನ್ನ ವಾದ.

ನೆರೆಮನೆಯಾಕೆ ಈಗ ಮೊಮ್ಮಗನ ಲಸಿಕೆ ಕಾರ್ಡಿನ ಹಿಂದೆ ಸೀಸೆ ಒಡೆದ ಹೊತ್ತನ್ನು ಬರೆಸಿಕೊಳ್ಳುತ್ತಾಳೆ.