ಕೇಳಿ ತಿಂದ ಊಟ

ನಮ್ಮ ಆಪಾಗೆ ಮೊದಲ ಸಂಬಳ ಬಂದಿತ್ತು. ಬಿ.ಕಾಂ. ಮುಗಿಸಿ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನ ಒಂದು ಕಚೇರಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದ್ದಾಳೆ. ಸದಕಾಗೆ ಸ್ವಲ್ಪ ಎತ್ತಿಟ್ಟು, ಅಮ್ಮಿಗೆ ಬಟ್ಟೆ, ಅಬ್ಬಾಗೆ ಚಪ್ಪಲಿ ಕೊಡಿಸಿದ ಮೇಲೆ "ಎಲ್ಲರಿಗೂ ಹೊರಗೆ ಊಟ" ಎಂದಳು. ನಾನು ಬಿರಿಯಾನಿ ಎಂದುಕೊಂಡೆ. ಅವಳು ಸಹಕಾರ ನಗರದ ಒಂದು ಮೆಕ್ಸಿಕನ್ ರೆಸ್ಟೋರೆಂಟ್ ಹೆಸರು ಹೇಳಿದಳು. ಆಫೀಸಿನಲ್ಲಿ ಎಲ್ಲರೂ ಹೊಗಳಿದ್ದರಂತೆ.

"ಅಲ್ಲಿ ಏನು ಸಿಗುತ್ತೆ?" ಎಂದರು ಅಮ್ಮಿ. "ಟಾಕೊ, ನಾಚೋ" ಎಂದೆ. "ನಾಚೋ ನಕ್ಕೊ, ಕುಷ್ಕಾ ಬಸ್" ಎಂದರು. ನಕ್ಕೊ ಎಂದರೆ ನಮ್ಮ ಮನೆಯ ದಖ್ಖನಿ ಉರ್ದುವಿನಲ್ಲಿ ಬೇಡ ಎಂದು. ಆದರೂ ಮಗಳ ಮೊದಲ ಸಂಬಳ, ಒಪ್ಪಿಕೊಂಡರು.

ನಾನು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಮೆಕ್ಸಿಕೋ ಅಡುಗೆಯ ಬಗ್ಗೆ ಓದಿಕೊಂಡೆ, ಪರೀಕ್ಷೆಗೆ ಓದಿದ ಹಾಗೆ. ಅಂಥ ಜಾಗದಲ್ಲಿ ನಮ್ಮ ಮನೆಯವರು "ಇದೇನು, ಅದೇನು" ಎಂದು ಯಾರನ್ನೂ ಕೇಳುವ ಹಾಗಾಗಬಾರದು ಎಂಬುದೇ ನನ್ನ ಚಿಂತೆ.

ನಮ್ಮ ಮನೆ ಆರ್.ಟಿ. ನಗರದ ಪಕ್ಕದ ಸುಲ್ತಾನ್‌ಪಾಳ್ಯದಲ್ಲಿ. ಅಬ್ಬಾ ಆಟೊ ಓಡಿಸುತ್ತಾರೆ. ಭಾನುವಾರ ಮಗ್ರಿಬ್ ನಮಾಜ್ ಮುಗಿಸಿಕೊಂಡು ಅಬ್ಬಾ ಮುಂದೆ, ನಾವು ಮೂವರು ಹಿಂದೆ ಹೊರಟೆವು. ಹೆಬ್ಬಾಳದ ಟ್ರಾಫಿಕ್ ದಾಟುವಷ್ಟರಲ್ಲಿ ಅರ್ಧ ಹಸಿವು ಸತ್ತಿತ್ತು. ರೆಸ್ಟೋರೆಂಟಿನ ಬಾಗಿಲಲ್ಲಿ ಸೆಕ್ಯುರಿಟಿಯವನು "ಇಳಿಸಿ ಮುಂದೆ ಹೋಗಿ" ಎಂದು ಕೈ ಬೀಸಿದ. ಅಬ್ಬಾ ಆ ಬಾಗಿಲಿಗೆ ಎಷ್ಟೋ ಸಲ ಬಾಡಿಗೆಗೆ ಬಂದವರು. "ಬಾಡಿಗೆ ಅಲ್ಲಪ್ಪಾ, ನಾನೂ ಊಟಕ್ಕೇ ಬಂದಿದ್ದೀನಿ. ಗಾಡಿ ಎಲ್ಲಿ ನಿಲ್ಲಿಸ್ಲಿ?" ಎಂದು ಕೇಳಿದರು. ಅವನು ತಬ್ಬಿಬ್ಬಾಗಿ ಕಾರುಗಳ ಸಾಲಿನ ಕೊನೆಯಲ್ಲಿ ಜಾಗ ತೋರಿಸಿದ. ಅಬ್ಬಾ ಏನೂ ಆಗದವರಂತೆ ನಡೆದು ಬಂದರು. ನನ್ನ ಮುಖ ಮಾತ್ರ ಬಿಸಿಯಾಗಿತ್ತು. ಅದು ಸಿಟ್ಟೋ ನಾಚಿಕೆಯೋ ನನಗೇ ಗೊತ್ತಾಗಲಿಲ್ಲ.

ಒಳಗೆ ಮಂದ ಬೆಳಕು, ಕಿಟಕಿಯಲ್ಲಿ ಕಳ್ಳಿ ಗಿಡದ ಕುಂಡಗಳು. ಮೆನು ಕೈಗೆ ಬಂದ ತಕ್ಷಣ ನಾನೇ ಯಜಮಾನಿಕೆ ವಹಿಸಿಕೊಂಡೆ. ಎಲ್ಲರಿಗೂ ಅಪಾಯವಿಲ್ಲದ್ದು ಎಂದು ಬೀನ್ಸ್ ಇರುವ ಒಂದು ತಿನಿಸಿನ ಮೇಲೆ ಬೆರಳಿಟ್ಟೆ. ಹೆಸರು "ಚಾರ್ರೋ ಬೀನ್ಸ್". ಕಾಳು ತಾನೇ, ಅದರಲ್ಲೇನು?

ಅಷ್ಟರಲ್ಲಿ ಅಮ್ಮಿ ವೇಟರ್ ಹುಡುಗನನ್ನು ಕೇಳಿಯೇ ಬಿಟ್ಟರು: "ಬೇಟಾ, ಗೋಶ್ತ್ ಹಲಾಲ್ ಹೈ ನಾ?"

ದನಿ ಜೋರಾಗಿಯೇ ಇತ್ತು. ಪಕ್ಕದ ಟೇಬಲಿನವರು ತಿರುಗಿ ನೋಡಿದರು. ನಾನು ಟೇಬಲಿನ ಕೆಳಗೆ ಅಮ್ಮಿಯ ಕಾಲು ತುಳಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರೇ ಹೊರತು ಪ್ರಶ್ನೆಯನ್ನು ಎಳೆದುಕೊಳ್ಳಲಿಲ್ಲ.

ಹುಡುಗ ನಗಲಿಲ್ಲ. "ಕಿಚನ್‌ನಲ್ಲಿ ಕೇಳಿ ಬರ್ತೀನಿ" ಎಂದು ಹೋಗಿ, ಸ್ವಲ್ಪ ಹೊತ್ತಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೋಳಿ ಹಲಾಲ್ ಅಂಗಡಿಯಿಂದ ಬರುತ್ತದೆ. ಆದರೆ ಹಂದಿಮಾಂಸ ಬೇಯಿಸುವ ತವಾದ ಮೇಲೇ ಅದನ್ನೂ ಬೇಯಿಸುತ್ತಾರೆ. ಮೀನು ಮತ್ತು ತರಕಾರಿಗೆ ಪಾತ್ರೆ ಬೇರೆ, ಎಣ್ಣೆ ಬೇರೆ. ಕೊನೆಗೆ ನನ್ನ ಬೆರಳು ಇದ್ದ ಕಡೆ ನೋಡಿ, "ಮೇಡಂ, ಆ ಬೀನ್ಸ್ ಬೇಡ. ಅದರಲ್ಲಿ ಬೇಕನ್ ಹಾಕ್ತಾರೆ" ಎಂದ.

ನನಗೆ ಮಾತೇ ಹೊರಡಲಿಲ್ಲ. ರಾತ್ರಿಯಿಡೀ ಓದಿದವಳು ನಾನು. ಕಾಪಾಡಿದ್ದು ಅಮ್ಮಿಯ ಒಂದು ಪ್ರಶ್ನೆ. ಮೆಕ್ಸಿಕೋದಲ್ಲಿ ಚಾರ್ರೋ ಬೀನ್ಸ್ ಎಂದರೆ ಹಂದಿಮಾಂಸದ ಜೊತೆ ಬೇಯಿಸಿದ ಕಾಳು ಎಂದು ಆಮೇಲೆ ಓದಿ ತಿಳಿದುಕೊಂಡೆ. ಅದೇ ಮೆನುವಿನಲ್ಲಿ "ಆಲ್ ಪಾಸ್ಟೋರ್" ಎಂಬ ಟಾಕೊ ಕೂಡ ಇತ್ತು. ಹೋದ ಶತಮಾನದಲ್ಲಿ ಲೆಬನಾನ್ ಕಡೆಯಿಂದ ವಲಸೆ ಹೋದವರು ಮೆಕ್ಸಿಕೋಗೆ ಒಯ್ದ ಶವರ್ಮಾ ಬಗೆಯ ಅಡುಗೆಯಿಂದ ಅದು ಹುಟ್ಟಿತು. ನಮ್ಮ ಆರ್.ಟಿ. ನಗರದ ಅಂಗಡಿಗಳ ಮುಂದೆ ತಿರುಗುವ ಶವರ್ಮಾಕ್ಕೆ ಅದು ದೂರದ ನೆಂಟ. ಆದರೆ ಅಲ್ಲಿಗೆ ಹೋದ ಮೇಲೆ ಕುರಿಯ ಜಾಗಕ್ಕೆ ಹಂದಿ ಬಂತು. ಹೆಸರು ನೋಡಿ, ನೆಂಟಸ್ತಿಕೆ ನೋಡಿ ತಿನ್ನಲಾಗುವುದಿಲ್ಲ, ಕೇಳಬೇಕು.

ಮೀನಿನ ಟಾಕೊ, ತರಕಾರಿ ಕೆಸಡಿಯಾ, ಒಂದು ಅನ್ನದ ಬೌಲ್, ಚಿಪ್ಸ್ ಜೊತೆ ಗ್ವಾಕಮೋಲೆ, ಕೊನೆಗೆ ಚುರೋಸ್ ಎಂದು ತೀರ್ಮಾನವಾಯಿತು. ಗ್ವಾಕಮೋಲೆಯನ್ನು ನಾಲಿಗೆಗೆ ಹಚ್ಚಿಕೊಂಡ ಅಬ್ಬಾ, "ಇದು ಬಟರ್ ಫ್ರೂಟ್ ಅಲ್ವಾ? ಉಪ್ಪು ಹಾಕಿದ್ದಾರಲ್ಲ!" ಎಂದರು. ಹಾಲು, ಸಕ್ಕರೆ ಹಾಕಿ ಜ್ಯೂಸ್ ಮಾಡಿ ಕುಡಿಯುವ ಊರು ನಮ್ಮದು. ಟೊಮೆಟೊ ಸಾಲ್ಸಾ ತಿಂದ ಅಮ್ಮಿ, "ಇದು ನಮ್ಮ ಕಚುಂಬರ್. ನಮ್ಮನ್ನು ನೋಡಿ ಕಲಿತಿದ್ದಾರೆ" ಎಂದು ತೀರ್ಪು ಕೊಟ್ಟರು.

ಆಗ ನನ್ನ ಓದು ಉಪಯೋಗಕ್ಕೆ ಬಂತು. ಕಲಿತದ್ದು ನಾವೇ ಎಂದೆ. ಮೆಣಸಿನಕಾಯಿ, ಟೊಮೆಟೊ, ಮೆಕ್ಕೆಜೋಳ, ಈ ಬೆಣ್ಣೆಹಣ್ಣು ಎಲ್ಲವೂ ಅಮೆರಿಕ ಖಂಡದವು. ಮೆಣಸಿನಕಾಯಿಯನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ಗೋವಾ ಕಡೆಗೆ ತಂದರು. ಅದಕ್ಕೆ ಮೊದಲು ಇಲ್ಲಿ ಖಾರಕ್ಕೆ ಇದ್ದದ್ದು ಕಾಳುಮೆಣಸು. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರೇ ಅಂಟಿಕೊಂಡಿತು. "ಹಾಗಾದ್ರೆ ಬ್ಯಾಡಗಿ ಮೆಣಸಿನಕಾಯಿ?" ಎಂದರು ಅಮ್ಮಿ, ತವರುಮನೆಯ ಆಸ್ತಿ ಯಾರೋ ಬರೆಸಿಕೊಂಡ ಹಾಗೆ. ಅದರ ಮುತ್ತಾತನೂ ಅಲ್ಲಿಯವನೇ ಎಂದೆ. ಮೆಕ್ಕೆಜೋಳವಂತೂ ಮೆಕ್ಕಾದಿಂದ ಬಂದದ್ದೆಂದು ಅಬ್ಬಾ ಚಿಕ್ಕಂದಿನಿಂದ ನಂಬಿದ್ದರು. ಅದು ಹುಟ್ಟಿದ್ದು ಮೆಕ್ಸಿಕೋದಲ್ಲಿ. ಅಲ್ಲಿಯವರು ಸಾವಿರಾರು ವರ್ಷಗಳಿಂದ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ ಟೋರ್ಟಿಯಾ ತಟ್ಟುತ್ತಾರೆ. "ಪಾನ್‌ಗೆ ಹಚ್ಚೋ ಚೂನಾನಾ?" ಎಂದು ಅಮ್ಮಿ ಟಾಕೊವನ್ನು ಮೂಸಿ ನೋಡಿದರು. ಆಪಾ ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡಳು. ಈ ಸಲ ಪಕ್ಕದವರು ತಿರುಗಿ ನೋಡಿದರೋ ಇಲ್ಲವೋ, ನಾನು ಗಮನಿಸಲಿಲ್ಲ.

ಬಿಲ್ ಬಂತು. ಊಟ 2,400 ರೂಪಾಯಿ. ಅದರ ಕೆಳಗೆ ಶೇಕಡಾ 10 ಸರ್ವಿಸ್ ಚಾರ್ಜ್ 240. ಎರಡೂ ಸೇರಿಸಿ ಅದರ ಮೇಲೆ ಶೇಕಡಾ 5 ಜಿಎಸ್‌ಟಿ 132. ಒಟ್ಟು 2,772. ಆಪಾ ಕಾರ್ಡ್ ತೆಗೆದಳು. ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ, ಕೊಡಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ. ಅದನ್ನು ಗ್ರಾಹಕರನ್ನು ಕೇಳದೆ ಬಿಲ್ಲಿಗೆ ತಾನಾಗಿಯೇ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ವ್ಯವಹಾರ ಅಧ್ಯಯನದ ಪಾಠದಲ್ಲಿ ಗ್ರಾಹಕರ ಆರು ಹಕ್ಕುಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಮಾಹಿತಿ ಪಡೆಯುವ ಹಕ್ಕು ಅವುಗಳಲ್ಲಿ ಒಂದು. ಅಮ್ಮಿ ಆ ಪಾಠ ಓದಿಲ್ಲ. ಅವರು ಬಳಸಿದ್ದು ಅದೇ ಹಕ್ಕು. ನಾನು ಕಾಲು ತುಳಿದದ್ದೂ ಅದನ್ನೇ.

"ಬಿಡು, ದೊಡ್ಡ ಜಾಗ" ಎಂದರು ಅಬ್ಬಾ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಎದ್ದು ಕೌಂಟರಿಗೆ ಹೋಗಿ, "ಸರ್, ಈ ಸರ್ವಿಸ್ ಚಾರ್ಜ್ ತೆಗೆಯಬಹುದಾ?" ಎಂದು ಕನ್ನಡದಲ್ಲೇ ಕೇಳಿದೆ. ಜಗಳವೇನೂ ಆಗಲಿಲ್ಲ. ಹೊಸ ಬಿಲ್ ಬಂತು: 2,520. ಉಳಿದದ್ದು 252 ರೂಪಾಯಿ. ಅಬ್ಬಾ ಅದರಲ್ಲಿ ನೂರು ರೂಪಾಯಿಯನ್ನು ವೇಟರ್ ಹುಡುಗನ ಕೈಗೇ ಇಟ್ಟರು. ಯಾಕೆಂದು ಆಟೊದಲ್ಲಿ ಕೇಳಿದ್ದಕ್ಕೆ, "ಸಚ್ ಬೋಲಾ ನಾ" ಎಂದರು. ನಿಜ ಹೇಳಿದನಲ್ಲ, ಅದಕ್ಕೆ.

ಆ ರಾತ್ರಿ ಅಮ್ಮಿಗೆ ಕಾಲು ತುಳಿದದ್ದಕ್ಕೆ ಮಾಫ್ ಮಾಡಿ ಎಂದೆ. "ನೀನು ತುಳಿದದ್ದು ಗೊತ್ತೇ ಆಗಲಿಲ್ಲ" ಎಂದರು. ಸುಳ್ಳು. ಕಿರುಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

ಮಧ್ಯವಾರ್ಷಿಕ ಪರೀಕ್ಷೆ ಮುಗಿದ ದಿನ ನಾಲ್ವರು ಗೆಳತಿಯರು ದುಡ್ಡು ಸೇರಿಸಿ ಅಲ್ಲಿಗೇ ಹೋದೆವು. ಎರಡೇ ಪ್ಲೇಟ್, ನಾಲ್ಕು ಜನ. ಈ ಸಲ ನಾನೇ ಮೊದಲು ಕೇಳಿದೆ: ಮಾಂಸ ಎಲ್ಲಿಂದ, ತವಾ ಯಾವುದು, ಎಣ್ಣೆ ಯಾವುದು. ನನ್ನ ಪಕ್ಕ ಕೂತಿದ್ದವಳು ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನದ ಮನೆಯ ಹುಡುಗಿ. ಎರಡು ವರ್ಷದಿಂದ ನಮ್ಮ ಜೊತೆ ಎಲ್ಲಿಗೆ ಬಂದರೂ "ಹೊಟ್ಟೆ ತುಂಬಿದೆ" ಎಂದು ಬರೀ ಜ್ಯೂಸ್ ಕುಡಿಯುತ್ತಿದ್ದಳು. ನಾನು ಕೇಳಿ ಮುಗಿಸಿದ ಮೇಲೆ ಮೆಲ್ಲಗೆ, "ಈರುಳ್ಳಿ ಹಾಕದೆ ಏನಾದ್ರೂ ಮಾಡಿಕೊಡ್ತೀರಾ?" ಎಂದಳು. ಮಾಡಿಕೊಟ್ಟರು. ಜೋಳ, ದಪ್ಪ ಮೆಣಸಿನಕಾಯಿ, ಚೀಸ್ ಹಾಕಿದ ಕೆಸಡಿಯಾ. ಪೂರ್ತಿ ತಿಂದಳು. ಎರಡು ವರ್ಷವೂ ಅವಳಿಗೆ ಹಸಿವಿತ್ತು ಎಂಬುದು ನಮಗೆ ಅಂದೇ ತಿಳಿದದ್ದು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ