ಬಚ್ಚಿಟ್ಟ ಬೇನೆ, ಬಿಚ್ಚಿ ಹೇಳಿದ ಹಿರಿಯರು

‘ಮಧುಮೇಹ’ ಎಂಬ ಪದವು ಕಿವಿಗೆ ಹಿತವಾದದ್ದು, ದೇಹಕ್ಕಲ್ಲ. ‘ಮಿಹ್’ ಧಾತುವಿಗೆ ಸುರಿಯುವುದು, ಸ್ರವಿಸುವುದು ಎಂಬ ಅರ್ಥವಿದೆ. ಜೇನಿನಂತೆ ಸವಿಯಾದ ಮೂತ್ರವು ಅತಿಯಾಗಿ ಸ್ರವಿಸುವ ವ್ಯಾಧಿಯೇ ಮಧುಮೇಹ. ಗ್ರೀಕರಿಂದ ಬಂದ ‘ಡಯಾಬಿಟೀಸ್’ ಎಂಬ ಹೆಸರಿಗೂ ಹಾದುಹೋಗುವುದು ಎಂಬ ಅರ್ಥವೇ ಇದೆ. ನಮ್ಮ ಬೀದರ ಸೀಮೆಯ ಜನರ ಬಾಯಲ್ಲಿ ಅದು ಬರಿಯ ‘ಶುಗರ್’. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಬೆರೆತು ಹರಿಯುವ ಈ ಗಡಿನಾಡಿನಲ್ಲಿ ಈ ಒಂದು ಪದವನ್ನು ಎಲ್ಲ ಭಾಷೆಯವರೂ ಒಪ್ಪಿಕೊಂಡಿದ್ದಾರೆ. ಆದರೆ ಅದನ್ನು ತಮ್ಮ ವಿಷಯವಾಗಿ ಉಚ್ಚರಿಸಬೇಕಾದಾಗ ಮಾತ್ರ ಎಲ್ಲರ ದನಿಯೂ ತಗ್ಗುತ್ತದೆ. ಆ ತಗ್ಗಿದ ದನಿಯ ಕುರಿತಾಗಿಯೇ ನಾಲ್ಕು ಮಾತು ಬರೆಯಲು ಮನಸ್ಸು ಮಾಡಿದ್ದೇನೆ.

ನಮ್ಮ ಪೂರ್ವಿಕರಿಗೆ ಈ ವ್ಯಾಧಿಯು ಅಪರಿಚಿತವಾಗಿರಲಿಲ್ಲ. ಚರಕಾಚಾರ್ಯರು ಇಪ್ಪತ್ತು ಬಗೆಯ ಪ್ರಮೇಹಗಳನ್ನು ಹೇಳಿದರು. ಸುಶ್ರುತರು ಅದನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಇಬ್ಬಗೆಯಾಗಿ ವಿಂಗಡಿಸಿದರು. ದ್ರವ್ಯಬಲವಿಲ್ಲದ ರೋಗಿಯು ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ಮಿತಾಹಾರಿಯಾಗಿ, ನೂರು ಯೋಜನ ನಡೆಯಬೇಕೆಂದು ಅವರು ವಿಧಿಸಿರುವುದನ್ನು ಓದಿದಾಗ ನನಗೆ ಅಚ್ಚರಿಯಾಗಿತ್ತು. ಪಾದರಕ್ಷೆಯಿಲ್ಲದೆ ನಡೆಯಬೇಕೆಂಬ ಅವರ ಮಾತನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಈ ರೋಗದಲ್ಲಿ ಕಾಲಿನ ಸ್ಪರ್ಶಜ್ಞಾನ ಕುಂದಿ, ಮುಳ್ಳು ಚುಚ್ಚಿದ್ದೂ ತಿಳಿಯದೆ ಗಾಯ ಕೊಳೆಯುವ ಭಯವುಂಟು. ಆದರೆ ನಡಿಗೆಯೇ ಔಷಧವೆಂಬ ಮಾತು ಇಂದಿಗೂ ಸತ್ಯವಾಗಿಯೇ ನಿಂತಿದೆ. ಬೆಳಗಿನ ಹೊತ್ತು ಬೀದರ ಕೋಟೆಯ ಒಳಗೆ ಬಿರುಸಾಗಿ ನಡೆಯುವ ನಾವು ಕೆಲವರು ಸುಶ್ರುತರ ಆಜ್ಞೆಯನ್ನು ಕಂತುಗಳಲ್ಲಿ ಪಾಲಿಸುತ್ತಿದ್ದೇವೆ ಎನ್ನಬಹುದು.

ಹೌದು, ‘ನಾವು’ ಎಂದೆ. ನಾನೂ ಕೆಲವು ವರ್ಷಗಳಿಂದ ಮಧುಮೇಹಿ. ವೈದ್ಯರು ರಕ್ತಪರೀಕ್ಷೆಯ ಚೀಟಿಯನ್ನು ನೋಡಿ ವಿಷಯ ತಿಳಿಸಿದ ದಿನ, ಜೊತೆಗಿದ್ದ ಹಿರಿಯ ಬಂಧುವೊಬ್ಬರು ಮೊದಲು ಕೊಟ್ಟ ಉಪದೇಶ ಪಥ್ಯದ್ದಲ್ಲ. “ಯಾರ ಮುಂದೂ ಹೇಳಬ್ಯಾಡ್ರಿ” ಎಂಬುದೇ ಅವರ ಮೊದಲ ಮಾತು. ಅವರ ಪ್ರೀತಿಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಆ ಉಪದೇಶದ ಬೆಲೆ ಎಷ್ಟೆಂಬುದನ್ನು ಔರಾದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕಂಡೆ.

ವ್ಯಾಕರಣ ವಿಷಯವಾಗಿ ಉಪನ್ಯಾಸ ಮಾಡಲು ಅಲ್ಲಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಬೆವರಿ, ನಡುಗಿ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡತೊಡಗಿದಳು. ಹಸಿವೆಂದು ಒಬ್ಬರು, ದೃಷ್ಟಿಯೆಂದು ಇನ್ನೊಬ್ಬರು ಹೇಳುತ್ತಿರುವಾಗ, ಸ್ವತಃ ಮಧುಮೇಹಿಯಾಗಿದ್ದ ಅಲ್ಲಿನ ಗಣಿತದ ಅಧ್ಯಾಪಕರು ಓಡಿಹೋಗಿ ಸಕ್ಕರೆ ಕದಡಿದ ನೀರು ತಂದು, ಆಕೆಗೆ ಇನ್ನೂ ನುಂಗುವ ಎಚ್ಚರವಿರುವಾಗಲೇ ಕುಡಿಸಿದರು. ಕಾಲು ಗಂಟೆಯಲ್ಲಿ ಹುಡುಗಿ ಚೇತರಿಸಿಕೊಂಡಳು. ಆಕೆಗಿದ್ದದ್ದು ಬಾಲ್ಯದಲ್ಲಿಯೇ ಬರುವ, ಇನ್ಸುಲಿನ್ ಇಲ್ಲದೆ ಬದುಕಲಾಗದ, ಮೊದಲನೆಯ ಬಗೆಯ ಮಧುಮೇಹ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಡವಾದರೆ ರಕ್ತದ ಸಕ್ಕರೆ ಥಟ್ಟನೆ ಇಳಿಯುತ್ತದೆ. ಆಗ ಸಿಹಿಯೇ ಸಂಜೀವಿನಿ. ಮೂರು ವರ್ಷದಿಂದ ಈ ಸಂಗತಿಯನ್ನು ಮನೆಯವರು ಶಾಲೆಯಿಂದ ಮರೆಮಾಚಿದ್ದರು. ಸಂಜೆ ಬಂದ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡು, “ಹೆಣ್ ಹುಡಿಗಿ ಅದರೀ ಸರ್, ನಾಳಿ ಲಗ್ನ ಆಗೋದದ. ಶುಗರ್ ಅದ ಅಂತ ಗೊತ್ತಾದ್ರ ಯಾರ್ ಮಾಡ್ಕೋತಾರ್ರಿ?” ಎಂದಳು. ಆ ಪ್ರಶ್ನೆಗೆ ಯಾವ ವ್ಯಾಕರಣದಲ್ಲಿಯೂ ಉತ್ತರವಿರಲಿಲ್ಲ. ಆ ದಿನ ಗಣಿತದ ಅಧ್ಯಾಪಕರು ರಜೆಯಲ್ಲಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಈಗಲೂ ಎದೆ ನಡುಗುತ್ತದೆ.

ಆ ತಾಯಿಗೆ ಉತ್ತರ ಹುಡುಕುತ್ತ ನಾನು ಓದಿಕೊಂಡ ಕೆಲವು ಜೀವನವೃತ್ತಾಂತಗಳನ್ನು ವಾಚಕರ ಮುಂದಿಡುತ್ತೇನೆ. ಎಚ್.ಜಿ. ವೆಲ್ಸ್ ಎಂಬ ಆಂಗ್ಲ ಕಾದಂಬರಿಕಾರರ ಹೆಸರನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಬಲ್ಲರು. ಪ್ರಾಯ ಅರುವತ್ತು ದಾಟಿದ ಮೇಲೆ ಅವರಿಗೆ ಮಧುಮೇಹವಿರುವುದು ತಿಳಿಯಿತು. ಅವರು ಅದನ್ನು ಬಚ್ಚಿಡಲಿಲ್ಲ. ‘ಟೈಮ್ಸ್’ ಪತ್ರಿಕೆಗೆ ಬಹಿರಂಗವಾಗಿ ಪತ್ರ ಬರೆದು ಮಧುಮೇಹಿಗಳ ಬೆಂಬಲಕ್ಕೆ ನಿಂತರು. ಡಾ. ಆರ್.ಡಿ. ಲಾರೆನ್ಸ್ ಎಂಬ ವೈದ್ಯರೊಡಗೂಡಿ 1934ರಲ್ಲಿ ಲಂಡನ್ನಿನಲ್ಲಿ ಮಧುಮೇಹಿಗಳ ಸಂಘವನ್ನು ಕಟ್ಟಿದರು. ಈ ಲಾರೆನ್ಸ್ ಕೂಡ ಮಧುಮೇಹಿಯೇ. ಮರಣವನ್ನು ಎದುರುನೋಡುತ್ತ ಇಟಲಿಯಲ್ಲಿದ್ದ ಆ ತರುಣ ವೈದ್ಯರು 1923ರಲ್ಲಿ ಲಂಡನ್ನಿಗೆ ಮರಳಿ ಇನ್ಸುಲಿನ್ ಪಡೆದು ಬದುಕಿದವರು. ಬಡವ ಬಲ್ಲಿದರೆನ್ನದೆ ಎಲ್ಲ ರೋಗಿಗಳೂ ಚಿಕಿತ್ಸೆ ಪಡೆಯಬೇಕು, ರೋಗಿಯೇ ತನ್ನ ರೋಗವನ್ನು ಅರಿಯಬೇಕು ಎಂಬುದು ಆ ಸಂಘದ ಉದ್ದೇಶ. ಅದು ‘ಡಯಾಬಿಟೀಸ್ ಯುಕೆ’ ಎಂಬ ಹೆಸರಿನಿಂದ ಇಂದಿಗೂ ಕೆಲಸ ಮಾಡುತ್ತಿದೆ.

ನಮ್ಮ ಹುಡುಗರಿಗೆ ಕಾದಂಬರಿಕಾರರಿಗಿಂತ ಕ್ರಿಕೆಟಿಗರು ಹತ್ತಿರದವರು. ಪಾಕಿಸ್ತಾನದ ವಾಸೀಂ ಅಕ್ರಂ ಅವರಿಗೆ 1997ರಲ್ಲಿ ಮಧುಮೇಹವೆಂದು ತಿಳಿದಾಗ ವಯಸ್ಸು ಸುಮಾರು ಮೂವತ್ತು. ಅಲ್ಲಿಗೆ ಆಟ ಮುಗಿಯಲಿಲ್ಲ. 2003ರ ವಿಶ್ವಕಪ್ಪಿನಲ್ಲಿ ಅವರು ಏಕದಿನ ಪಂದ್ಯಗಳ 500ನೆಯ ವಿಕೆಟ್ ಪಡೆದರು. ಮುಂದೆ ಮಧುಮೇಹದ ಅರಿವು ಮೂಡಿಸುವ ಕಾರ್ಯದಲ್ಲಿ ತೊಡಗಿದರು. ಇಂಗ್ಲೆಂಡಿನ ದೋಣಿಸ್ಪರ್ಧಿ ಸ್ಟೀವ್ ರೆಡ್‌ಗ್ರೇವ್ ಅವರಿಗೂ 1997ರಲ್ಲಿಯೇ ಈ ರೋಗ ಕಂಡಿತು. ಮೂರು ವರ್ಷಗಳ ತರುವಾಯ ಸಿಡ್ನಿಯಲ್ಲಿ ಅವರು ತಮ್ಮ ಐದನೆಯ ಒಲಿಂಪಿಕ್ ಸ್ವರ್ಣಪದಕವನ್ನು ಧರಿಸಿದರು. ಆದರೆ ಔರಾದದ ಆ ತಾಯಿಗೆ ನಾನು ಹೇಳಬಯಸುವ ಹೆಸರು ಸೋನಿಯಾ ಸೋಟೊಮೇಯರ್ ಅವರದು. ನ್ಯೂಯಾರ್ಕಿನ ಬಡ ಕುಟುಂಬದಲ್ಲಿ ಹುಟ್ಟಿದ ಈಕೆಗೆ ಏಳನೆಯ ವಯಸ್ಸಿನಲ್ಲಿಯೇ ಮೊದಲನೆಯ ಬಗೆಯ ಮಧುಮೇಹ ಬಂತು. ಕುರ್ಚಿಯ ಮೇಲೆ ನಿಂತು, ನೀರು ಕುದಿಸಿ ಸೂಜಿಯನ್ನು ಶುದ್ಧಗೊಳಿಸಿ, ತನಗೆ ತಾನೇ ಚುಚ್ಚಿಕೊಳ್ಳಲು ಕಲಿತ ಆ ಬಾಲಿಕೆ 2009ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶೆಯಾದರು. ತಮ್ಮ ಆತ್ಮಕಥೆಯಲ್ಲಿ ಇದನ್ನೆಲ್ಲ ಸಂಕೋಚವಿಲ್ಲದೆ ಬರೆದಿದ್ದಾರೆ.

ಪ್ರಸಿದ್ಧರು ಹೇಳಿದ್ದೆಲ್ಲವೂ ವೇದವಾಕ್ಯವೆಂದು ನನ್ನ ಅಭಿಪ್ರಾಯವಲ್ಲ. ಸಿಹಿ ಪಾನೀಯಗಳ ಜಾಹೀರಾತಿನಲ್ಲಿ ನಗುವವರೂ ಪ್ರಸಿದ್ಧರೇ. ‘ಬೇರುಸಹಿತ ಗುಣ’ ಎಂಬ ಪುಡಿಯ ಡಬ್ಬಿಯನ್ನು ಹಿಡಿದು ನಿಲ್ಲುವವರೂ ಉಂಟು. ಅವರನ್ನು ನಂಬಿ ಇನ್ಸುಲಿನ್ ಬಿಟ್ಟ ಮಗು ಕೆಲವೇ ದಿನಗಳಲ್ಲಿ ಪ್ರಾಣಾಪಾಯಕ್ಕೆ ಸಿಲುಕಬಹುದು. ಆದುದರಿಂದ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು: ಈತ ಹೇಳುತ್ತಿರುವುದು ಸ್ವಾನುಭವವೇ? ನಮ್ಮನ್ನು ವೈದ್ಯರ ಬಳಿಗೆ ಕಳುಹುತ್ತಿರುವನೋ, ಅಂಗಡಿಗೋ? ಈತನ ಮಾತು ಮುಗಿದ ಮೇಲೆ ಏನಾದರೂ ಉಳಿಯುತ್ತದೆಯೇ? ವೆಲ್ಸ್ ಅವರು ಮೂರರಲ್ಲಿಯೂ ಉತ್ತೀರ್ಣರು. ಇನ್ಸುಲಿನ್ನನ್ನು ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಅವರ ಸಂಗಡಿಗರೂ ಹಾಗೆಯೇ. ತಮ್ಮ ಹಕ್ಕನ್ನು ತಲಾ 1 ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿಬಿಟ್ಟರು. ಬ್ಯಾಂಟಿಂಗರ ಜನ್ಮದಿನವಾದ ನವೆಂಬರ್ 14 ವಿಶ್ವ ಮಧುಮೇಹ ದಿನವಾಗಿದೆ. ನಮ್ಮ ಶಾಲೆಗಳಲ್ಲಿ ಅದು ಮಕ್ಕಳ ದಿನಾಚರಣೆಯೂ ಹೌದು. ಅಂದು ಹಂಚುವ ಮಿಠಾಯಿಯ ಜೊತೆಗೆ ಎರಡು ಮಾತು ಹೇಳಲು ಇದಕ್ಕಿಂತ ಯೋಗ್ಯ ದಿನ ಯಾವುದು?

ಭಾಲ್ಕಿಯ ನೆಲದಲ್ಲಿ ನಿಂತು ಈ ಮಾತಾಡುವಾಗ ಡಾ. ಚನ್ನಬಸವ ಪಟ್ಟದ್ದೇವರ ನೆನಪಾಗದೆ ಇರದು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದ ಆ ಪೂಜ್ಯರ ಸಾಹಸವನ್ನು ಈ ಜಿಲ್ಲೆಯ ಮಕ್ಕಳೂ ಬಲ್ಲರು. ಅಂದು ಮರೆಮಾಚಿದ್ದು ಒಂದು ಅಮೃತವನ್ನು ಉಳಿಸುವುದಕ್ಕಾಗಿ. ಕಾಲ ಬಂದಾಗ ಆ ಫಲಕ ಕೆಳಗಿಳಿಯಿತು. ನಾವು ಇಂದು ಮರೆಮಾಚುತ್ತಿರುವುದು ವಿಷವನ್ನು. ಇದರ ಫಲಕವೂ ಇಳಿಯಬೇಕು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು. ಅಷ್ಟೊಂದು ಜನರಿಗೆ ಒಬ್ಬ ಕ್ರಿಕೆಟಿಗನ ಮಾತು ಸಾಲದು. ಹಳ್ಳಿಗೆ ಅಲ್ಲಿನ ಅಧ್ಯಾಪಕನೇ, ಆಶಾ ಕಾರ್ಯಕರ್ತೆಯೇ, ಪಂಚಾಯಿತಿಯ ಅಧ್ಯಕ್ಷರೇ, ಮಠದ ಸ್ವಾಮಿಗಳೇ ಪ್ರಸಿದ್ಧ ವ್ಯಕ್ತಿಗಳು. ಔರಾದದಿಂದ ಮರಳಿದ ವಾರ ನಾನು ಪ್ರಾರ್ಥನೆಯ ಹೊತ್ತಿಗೆ ವಿದ್ಯಾರ್ಥಿಗಳ ಮುಂದೆ ನಿಂತು, ನನಗೆ ಮಧುಮೇಹವಿದೆ, ಆದರೂ ನಿಮಗೆ ಸಂಧಿ ಸಮಾಸಗಳಿಂದ ಬಿಡುಗಡೆಯಿಲ್ಲ ಎಂದೆ. ಮಕ್ಕಳು ನಕ್ಕರು. ಆದರೆ ಸಂಜೆ ಇಬ್ಬರು ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಂದು, “ನನಗೂ ಅದ ಪಂಡಿತರೆ” ಎಂದು ಹೇಳಿಹೋದರು.

ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ತರಗತಿಯಲ್ಲಿ ಇಂಥ ಮಗುವಿದ್ದರೆ ಹೊತ್ತಿಗೆ ಸರಿಯಾಗಿ ತಿನ್ನಲು ಬಿಡಿ. ಸೂಜಿ ಚುಚ್ಚಿಕೊಳ್ಳಲು ಶುಚಿಯಾದ ಸ್ಥಳ ಕೊಡಿ. ಮೇಜಿನಲ್ಲಿ ಒಂದು ಪೊಟ್ಟಣ ಸಕ್ಕರೆ ಇಟ್ಟಿರಿ. ಕೇಂದ್ರೀಯ ಪರೀಕ್ಷಾ ಮಂಡಳಿಯು 2017ರಲ್ಲಿಯೇ ಮಧುಮೇಹಿ ಮಕ್ಕಳು ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಅನುಮತಿಸಿತು; ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗವು 2023ರಲ್ಲಿ ಶಾಲೆಗಳು ಇಂಥ ಮಕ್ಕಳಿಗೆ ನೆರವಾಗಬೇಕೆಂದು ರಾಜ್ಯಗಳಿಗೆ ಬರೆಯಿತು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೊಠಡಿಗಳನ್ನು ಕಟ್ಟಿಸಿಕೊಟ್ಟು ಉಪಕರಿಸಿದ್ದೀರಿ. ಒಂದು ರಕ್ತಪರೀಕ್ಷಾ ಯಂತ್ರ, ಅದರ ಪಟ್ಟಿಗಳು, ಬಡ ಮಗುವೊಂದರ ಇನ್ಸುಲಿನ್ನಿನ ವೆಚ್ಚ—ಇವೂ ವಿದ್ಯಾದಾನದ ಅಂಗಗಳೆಂದು ಭಾವಿಸಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ನಿಮ್ಮಲ್ಲಿ ಯಾರಿಗೆ ಈ ವ್ಯಾಧಿಯಿದೆಯೋ ಅವರು ಊರಿಗೆ ಬಂದಾಗ ನಾಲ್ಕು ಜನರ ಮುಂದೆ ತಗ್ಗಿಸದ ದನಿಯಲ್ಲಿ ಅದನ್ನು ಹೇಳಿರಿ. ವಕೀಲರಾದವರು, ಎಂಜಿನಿಯರರಾದವರು, ಸೊಸೆಯಾಗಿ ತಾಯಿಯಾಗಿ ಬಾಳು ನಡೆಸುತ್ತಿರುವವರು ಹಾಗೆ ಹೇಳಿದಾಗಲೇ ಔರಾದದ ಆ ತಾಯಿಯ ಪ್ರಶ್ನೆಗೆ ನಿಜವಾದ ಉತ್ತರ ದೊರೆತಂತಾಗುತ್ತದೆ. ಆ ಉತ್ತರ ಬೇಗನೆ ದೊರೆಯಲೆಂದು ಹಾರೈಸಿ ಲೇಖನಿಯನ್ನು ಕೆಳಗಿಡುತ್ತೇನೆ.